ನೆತ್ತಿಯ ಮೇಲಿನ ಮೆಟ್ಟು

ನಮ್ಮ ಜಗಲಿಯ ಗೋಡೆಯಲ್ಲಿ, ಬೇರೆಯವರ ಮನೆಗಳಲ್ಲಿ ಹಿರಿಯರ ಫೋಟೋ ಇರುವ ಜಾಗದಲ್ಲಿ, ಎರಡು ಅಲ್ಯೂಮಿನಿಯಂ ಕೈಗಳಿವೆ. ಮೊಳದುದ್ದದ ಕೈಗಳು, ಒಳಮೈಗೆ ಕಪ್ಪು ರಬ್ಬರು. ಈಗ ಅವುಗಳ ಮೇಲೆ ಮಾವಿನಕಾಯಿ ಕೊಯ್ಯುವ ದೋಟಿ, ಎರಡು ಕೊಡೆ, ಮಳೆಗಾಲವಾದರೆ ನನ್ನ ಹೆಂಡತಿ ಸುಜಾತಳ ಒಣಗದ ಸೀರೆ ವಿರಾಜಮಾನವಾಗಿರುತ್ತವೆ. ಬಂದವರೆಲ್ಲ ಇದೇನು ಎಂದು ಕೇಳುತ್ತಾರೆ. ವಿಮೆ ಏಜೆಂಟರೊಬ್ಬರು ಡಿಶ್ ಆಂಟೆನಾದ ತುಂಡು ಅಂದುಕೊಂಡರು. ನಮ್ಮ ಪುರೋಹಿತರು ಬಹಳ ಹೊತ್ತು ನೋಡಿ, ಮಡಿ ಪಂಚೆ ಒಣಗಿಸಲು ಪ್ರಶಸ್ತವಾಗಿದೆ, ತಮಗೂ ಒಂದು ತರಿಸಿಕೊಡಿ ಎಂದರು. ಇದು ಸ್ಪೀಡ್ ಬೋಟಿನ ಟವರಿಗೆ ಹಾಕುವ ವೇಕ್‌ಬೋರ್ಡ್ ರ‍್ಯಾಕ್ ಎಂದು ನಿಜ ಹೇಳಿದರೆ, ಮಾಷ್ಟ್ರಿಗೆ ನಿವೃತ್ತಿಯಾದ ಮೇಲೆ ಸ್ವಲ್ಪ ಹಾಗೆ ಆಗಿದೆ ಎಂಬಂತೆ ಸುಜಾತಳ ಮುಖ ನೋಡುತ್ತಾರೆ.

ನಿಮಗೂ ಗೊತ್ತಿರಲಿಕ್ಕಿಲ್ಲ, ನಾಚಿಕೊಳ್ಳಬೇಡಿ, ನನಗೂ ಗೊತ್ತಿರಲಿಲ್ಲ. ವೇಕ್‌ಬೋರ್ಡ್ ಎಂದರೆ ಒಂದು ಹಲಗೆ. ಊಟಕ್ಕೆ ಕುಳಿತುಕೊಳ್ಳುವ ಮಣೆಯನ್ನು ಯಾರೋ ಎರಡೂ ಕಡೆಯಿಂದ ಎಳೆದು ಉದ್ದ ಮಾಡಿ, ತುದಿಗಳನ್ನು ಮೇಲಕ್ಕೆ ಬಗ್ಗಿಸಿ, ಬಣ್ಣ ಬಳಿದಂತಿರುತ್ತದೆ. ಅದರ ಮೇಲೆ ಮನುಷ್ಯ ನಿಲ್ಲಬೇಕು, ಕೈಯಲ್ಲಿ ಹಗ್ಗ ಹಿಡಿಯಬೇಕು, ಬೋಟು ಅವನನ್ನು ನೀರಿನ ಮೇಲೆ ದರದರ ಎಳೆದುಕೊಂಡು ಹೋಗಬೇಕು. ಇದಕ್ಕೆ ಕ್ರೀಡೆ ಎಂದು ಹೆಸರು. ಹಗ್ಗ ಕಟ್ಟಲು ಬೋಟಿನ ನಡುವೆ ತಲೆಗಿಂತ ಎತ್ತರಕ್ಕೆ ಒಂದು ಕೊಳವೆಯ ಕಮಾನು ಇರುತ್ತದೆ, ಅದು ಟವರ್. ಹಲಗೆಯನ್ನು ಬಳಸದ ಹೊತ್ತಿನಲ್ಲಿ ಆ ಕಮಾನಿಗೆ ಸಿಕ್ಕಿಸಿಡುವ ಜೋಡಿ ಕೈಗಳೇ ರ‍್ಯಾಕ್. ಇಲ್ಲಿಯವರೆಗೆ ಸರಳ. ತೊಂದರೆ ಇರುವುದು ಹಲಗೆಯ ಮೇಲೆ. ನಿಂತವನು ಬೀಳಬಾರದೆಂದು ಅದಕ್ಕೆ ಎರಡು ದಪ್ಪ ಬೂಟುಗಳನ್ನು ಸ್ಕ್ರೂ ಹಾಕಿ ಬಿಗಿದಿರುತ್ತಾರೆ.

ತೂಗುಹಾಕುವ ವಿದ್ಯೆಯಲ್ಲಿ ನಾವು ಹಿಂದುಳಿದವರೇನಲ್ಲ. ಬ್ರಹ್ಮಾವರದ ಹತ್ತಿರ ನಾನು ಹುಟ್ಟಿದ ಮನೆಯಲ್ಲಿ ನೆಲದ ಮೇಲೆ ಇದ್ದದ್ದಕ್ಕಿಂತ ಮಾಡಿನಿಂದ ತೂಗುತ್ತಿದ್ದದ್ದೇ ಹೆಚ್ಚು. ಮಜ್ಜಿಗೆಯ ಗಡಿಗೆ ನೆಲುವಿನಲ್ಲಿ, ಬೀಜದ ಭತ್ತ ಬೈಹುಲ್ಲಿನ ಮುಡಿಯಲ್ಲಿ, ಬೇಸಗೆಯ ಸೌತೆಕಾಯಿಗಳು ಬಾಳೆಪಟ್ಟೆಯ ಉರುಳಿನಲ್ಲಿ ಸಾಲಾಗಿ. ಅಕ್ಕನನ್ನು ನೋಡಲು ಬಂದ ಗಂಡಿನ ಸೋದರಮಾವ ಜಗಲಿಯಲ್ಲಿ ಕುಳಿತು ನಮ್ಮ ಮನೆತನದ ಕೊರತೆಗಳನ್ನು ಒಂದೊಂದಾಗಿ ಎತ್ತಿ ಆಡುತ್ತಿದ್ದಾಗ, ಮೇಲಿಂದ ಎರಡು ಸೇರು ತೂಕದ ಸೌತೆಕಾಯಿಯೊಂದು ಪಟ್ಟೆ ಹರಿದು ನೇರ ಅವರ ತೊಡೆಯ ಮೇಲೆ ಬಿತ್ತು. ಅಮ್ಮ ಒಳಗಿನಿಂದ, ಹಣ್ಣಾದದ್ದು ತಾನಾಗಿ ಬೀಳುತ್ತದೆ, ಪುಣ್ಯವಂತರ ಮೇಲೆಯೇ ಬೀಳುವುದು ಎಂದಳು. ಸಂಬಂಧ ಕುದುರಿತು. ಆ ಮನೆಯಲ್ಲಿ ಎಂದೂ ತೂಗುಹಾಕದೆ ಇದ್ದದ್ದು ಎರಡೇ: ಕಸಬರಿಕೆ ಮತ್ತು ಮೆಟ್ಟು. ಮೆಟ್ಟು ಅಂದರೆ ನಮ್ಮ ಕಡೆ ಚಪ್ಪಲಿ, ಬೂಟು, ಕಾಲಿಗೆ ಹಾಕುವುದೆಲ್ಲ. ಅದರ ಜಾಗ ಮೆಟ್ಟಿಲ ಕೆಳಗೆ.

ಇಷ್ಟೆಲ್ಲ ಗೊತ್ತಿದ್ದ ನಾನು ತೊಂಬತ್ತೇಳರಲ್ಲಿ ಗಂಗೊಳ್ಳಿ ಕಡೆಯ ಹೈಸ್ಕೂಲಿಗೆ ವರ್ಗವಾದ ಮೊದಲ ದಿನವೇ ಮಾನ ಕಳೆದುಕೊಂಡೆ. ಇಂಗ್ಲಿಷ್ ಮಾಸ್ತರನೆಂದರೆ ಬೂಟು ಹಾಕಬೇಕು ಎಂಬ ಹುಚ್ಚು ನನಗೆ. ಕುಂದಾಪುರದಿಂದ ಹೊಳೆ ದಾಟಿಸುವ ದೋಣಿ ಕಣ್ಣೆದುರೇ ಹೊರಟುಹೋಯಿತು. ದೋಣಿಗಳು ನಿಲ್ಲುವ ದಕ್ಕೆಯ ಬದಿಯಲ್ಲಿ ಸಣ್ಣ ದೋಣಿಯೊಂದರಲ್ಲಿ ಬಲೆ ಸರಿಮಾಡುತ್ತ ಕುಳಿತಿದ್ದ ಒಬ್ಬರು, ಹೊಸ ಮಾಷ್ಟ್ರೋ, ಬನ್ನಿ, ನಾನೂ ಆಚೆ ದಡಕ್ಕೇ, ಎಂದು ಕರೆದರು. ನಾನು ಪಾಲಿಶ್ ಮಾಡಿದ ಬೂಟನ್ನು ಠೀವಿಯಿಂದ ದೋಣಿಯ ಅಂಚಿಗೆ ಇಟ್ಟೆ. ಅವರು ಎದ್ದು ನಿಂತರು.

“ಹ್ವಾಯ್ ಮಾಷ್ಟ್ರೇ, ಮೆಟ್ಟ್ ಕಳ್ಚಿ ಕೈಯಂಗೆ ಹಿಡ್ಕಣಿ. ನಾವ್ ಉಂಬ ಬಟ್ಲ್ ಇದ್.”

ಅವರೇ ಗೋವಿಂದಣ್ಣ. ತಮ್ಮದೇ ದೊಡ್ಡ ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಚುಕ್ಕಾಣಿ ಹಿಡಿಯುವವರು. ಗಟ್ಟಿಯಾಗಿ ಮಾತಾಡುವ ಜಾತಿಯಲ್ಲ. ನಾನು ಒಂದು ಕೈಯಲ್ಲಿ ಬೂಟು, ಇನ್ನೊಂದರಲ್ಲಿ ವರ್ಗಾವಣೆಯ ಆದೇಶ ಹಿಡಿದು ಹೊಸ ಶಾಲೆಯ ಊರಿಗೆ ಬರಿಗಾಲಲ್ಲಿ ಇಳಿದೆ. ದಡದಲ್ಲಿ ನಿಂತಿದ್ದ ಮಕ್ಕಳು ಆ ದೃಶ್ಯವನ್ನು ನಾನು ನಿವೃತ್ತನಾಗುವವರೆಗೂ ಮರೆಯಲಿಲ್ಲ. ಆಮೇಲೆ ಗೋವಿಂದಣ್ಣನ ಇಬ್ಬರು ಮಕ್ಕಳೂ ನನ್ನ ಕೈಕೆಳಗೆ ಕಲಿತರು. ಬ್ಯಾಂಕಿನ ಕಾಗದ, ಎಂಜಿನ್ನಿನ ಜೊತೆ ಬರುವ ಪುಸ್ತಕ, ಬಂದರಿನ ನೋಟೀಸು, ಹೀಗೆ ಇಂಗ್ಲಿಷಿನಲ್ಲಿ ಏನು ಬಂದರೂ ಅವರು ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ನನ್ನ ಹತ್ತಿರ ಬರುತ್ತಿದ್ದರು. ನಾನು ಓದಿ ಅರ್ಥ ಹೇಳುವೆ. ಅವರು ಕಣ್ಣು ಮುಚ್ಚಿ ಕೇಳುವರು. ಒಮ್ಮೆ ಕೇಳಿದ್ದನ್ನು ಎರಡನೆಯ ಸಲ ಕೇಳಿದ್ದಿಲ್ಲ, ನಾನು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ತಾಳೆ ನೋಡಿದ್ದೂ ಇಲ್ಲ.

ಈಗ ನನ್ನ ಭಾವನ ಪ್ರವೇಶ. ಸುಜಾತಳ ಅಣ್ಣ ಜಯಕರ ಭಾವ ಬೈಂದೂರಿನ ಹತ್ತಿರ ನಾವುಂದದವರು, ಮೂವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿದವರು. ಎರಡು ಸಾವಿರದ ಒಂಬತ್ತು-ಹತ್ತರ ಹೊತ್ತಿಗೆ ಊರಿಗೆ ಮರಳಿ ಊರನ್ನು ಉದ್ಧಾರ ಮಾಡುವ ನಿರ್ಧಾರಕ್ಕೆ ಬಂದರು. ಊರು ಅವರನ್ನು ಕೇಳಿರಲಿಲ್ಲ. ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಹೊಳೆ, ನಡುವೆ ರಸ್ತೆ. ಇದು ಎಲ್ಲ ಕ್ಯಾಲೆಂಡರುಗಳಲ್ಲೂ ಬಂದು ಸವೆದುಹೋದ ಚಿತ್ರ. ಅದನ್ನು ಭಾವ ಆಗಷ್ಟೇ ತಾವೇ ಕಂಡುಹಿಡಿದವರಂತೆ ಮಾತಾಡಿದರು. ಇಷ್ಟು ಚಂದದ ಹೊಳೆ ಸುಮ್ಮನೆ ಹರಿದು ಹೋಗುತ್ತಿದೆಯಲ್ಲ ಎಂಬುದು ಅವರ ಸಂಕಟ. ಗೋವಾದಿಂದ ಒಂದು ಹಳೆಯ ಸ್ಪೀಡ್ ಬೋಟು, ಅದರ ಜೊತೆಗೆ ಒಂದು ವೇಕ್‌ಬೋರ್ಡು ಲಾರಿಯಲ್ಲಿ ಬಂದಿಳಿದವು. ಬೋಟಿಗೆ ಟವರ್ ಇತ್ತು. ಟವರಿಗೆ ರ‍್ಯಾಕ್ ಇರಲಿಲ್ಲ.

ಬೋರ್ಡಿನ ಮೇಲೆ ನಿಲ್ಲಲು ಬರುವವರು ಇಡೀ ತಾಲೂಕಿನಲ್ಲಿ ಯಾರೂ ಇಲ್ಲ ಎಂಬುದನ್ನು ಯಾರೂ ಒಂದು ಕೊರತೆಯೆಂದು ಎಣಿಸಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ನಮ್ಮವರು ಗಟ್ಟಿಗರು. ಭಾವ ಮಾತ್ರ ಒಂದು ದಿನ ಮನೆಯಂಗಳದಲ್ಲಿ, ಒಣಗಲು ಹರವಿದ ಕೊಬ್ಬರಿಯ ಪಕ್ಕ, ಹಲಗೆಯಿಟ್ಟು ಆ ಬೂಟುಗಳೊಳಗೆ ಕಾಲು ತೂರಿಸಿದರು. ತೂರಿಸಿದ್ದಾಯಿತು, ತೆಗೆಯಲು ಬರಲಿಲ್ಲ. ಐವತ್ತೈದು ವರ್ಷದ, ತಕ್ಕಮಟ್ಟಿಗೆ ಹೊಟ್ಟೆಯಿರುವ ಉದ್ಯಮಿ ಬಗ್ಗಿ ತನ್ನ ಬೂಟಿನ ದಾರ ಮುಟ್ಟಲಾರದೆ, ಹಲಗೆಯ ಸಮೇತ ಹಾರಲೂ ಆಗದೆ, ಅಂಗಳದ ನಡುವೆ ಗಣಪತಿಯ ಮೂರ್ತಿಯ ಹಾಗೆ ನಿಂತುಬಿಟ್ಟರು. ಅವರ ಹೆಂಡತಿ, ನಮ್ಮ ಅತ್ತಿಗೆ, ಬೂಟಿನೊಳಗೆ ತೆಂಗಿನೆಣ್ಣೆ ಸುರಿದರು, ನಾನೂ ಸುಜಾತಳೂ ಹಿಂದಿನಿಂದ ಎಳೆದು ಬಿಡಿಸಿದೆವು. ಬಿಡುಗಡೆಯಾದ ಕೂಡಲೇ ಭಾವ ಹೇಳಿದ್ದು, ಬೋರ್ಡು ಫಸ್ಟ್ ಕ್ಲಾಸ್, ಇನ್ನು ರ‍್ಯಾಕ್ ಒಂದು ಆಗಬೇಕು, ಎಂದು.

ಬೋಟು ನಡೆಸಲು ಜನ ಬೇಕಿತ್ತು. ಗೋವಿಂದಣ್ಣನ ಹೆಸರು ಹೇಳಿದವನು ನಾನೇ. ಅದಕ್ಕೆ ಎರಡು ವರ್ಷ ಮೊದಲು ಅವರಿಗೆ ಎದೆನೋವು ಬಂದು, ಡಾಕ್ಟರು ಆಳ ಕಡಲಿಗೆ ಹೋಗಕೂಡದು ಎಂದಿದ್ದರು. ಮಕ್ಕಳು ಬೋಟು ಮಾರಿದರು. ಅಂದಿನಿಂದ ಆ ಮನುಷ್ಯ ಬೆಳಗಾದರೆ ದಕ್ಕೆಯ ಕಟ್ಟೆಯ ಮೇಲೆ ಕೂರುವುದು, ಬೇರೆಯವರ ಬೋಟುಗಳು ಅಳಿವೆ ದಾಟಿ ಕಡಲಿಗೆ ಹೋಗುವುದನ್ನು ನೋಡುವುದು, ಮಧ್ಯಾಹ್ನ ಎದ್ದು ಮನೆಗೆ ಹೋಗುವುದು. ಯಾರಾದರೂ ಮಾತಾಡಿಸಿದರೆ ಆ ಬೋಟು ಸ್ವಲ್ಪ ಎಡಕ್ಕೆ ಹೋಗಿದೆ, ಈ ಬೋಟು ಅವಸರ ಮಾಡಿತು, ಇಷ್ಟೇ ಮಾತು. ಹೊಳೆಯಲ್ಲಿ ಓಡಿಸುವ ಬೋಟು, ಅಲೆಯಿಲ್ಲ, ಡಾಕ್ಟರ ಅಡ್ಡಿಯೂ ಇರಲಿಕ್ಕಿಲ್ಲ ಎಂದು ನಾನು ಹೇಳಿದೆ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಮನೆಯ ಮೆಟ್ಟಿಲ ಕೆಳಗೆ ನಿಂತಿದ್ದರು. ಗಡ್ಡ ತೆಗೆದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ.

ನಾವುಂದಕ್ಕೆ ಕರೆದುಕೊಂಡು ಹೋಗಿ ಬೋಟು ತೋರಿಸಿದೆ. ಚುಕ್ಕಾಣಿಯ ಚಕ್ರವನ್ನು ಒಮ್ಮೆ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಎಂಜಿನ್ ನೋಡಿದರು, ತಳ ನೋಡಿದರು, ಕಮಾನಿನ ಕೆಳಗೆ ನಿಂತು ಮೇಲೆ ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಹಲಗೆಯನ್ನೂ ಅದರ ಮೇಲಿನ ಬೂಟುಗಳನ್ನೂ ನೋಡಿ, ಇದನ್ನು ಎಲ್ಲಿ ಇಡುವುದು ಎಂದು ಕೇಳಿದರು. ಭಾವ ಉತ್ಸಾಹದಿಂದ ಕಮಾನಿನ ಕಡೆ ಕೈ ತೋರಿಸಿದರು. ಚುಕ್ಕಾಣಿ ಇರುವುದು ಸರಿಯಾಗಿ ಕಮಾನಿನ ಕೆಳಗೆ. ಚುಕ್ಕಾಣಿಯ ಎದುರು ಭಾವ ಆಗಲೇ ಕೊಲ್ಲೂರು ಅಮ್ಮನವರ ಸಣ್ಣ ಫೋಟೋ ಅಂಟಿಸಿಯೂ ಆಗಿತ್ತು.

ಗೋವಿಂದಣ್ಣ ನನ್ನನ್ನು ಬದಿಗೆ ಕರೆದರು. “ನಾ ಬತ್ತೆ ಮಾಷ್ಟ್ರೇ. ಆರೆ ಒಂದೇ ಮಾತ್. ಆ ಮೆಟ್ಟ್ ನನ್ ತಲಿ ಮೇಲ್ ಬಪ್ಪುಕಾಗ.”

ನಾನು, ಬರುವುದಿಲ್ಲ, ಅದಕ್ಕೆ ನಾನು ಜವಾಬ್ದಾರಿ ಎಂದೆ. ಇಷ್ಟು ಸಲೀಸಾಗಿ ಮಾತು ಕೊಡುವವರನ್ನು ಕಂಡರೆ ನೀವು ದಯವಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿರಿ.

ಆ ಮಾತು ಮನೆಯವರ ಕಿವಿಗೆ ಬಿದ್ದ ಮೇಲೆ ನಾವುಂದದ ಜಗಲಿಯಲ್ಲಿ ಒಂದು ವಾರ ಶಾಸ್ತ್ರಚರ್ಚೆ ನಡೆಯಿತು. ಇದು ಮೆಟ್ಟೇ ಅಲ್ಲ, ಇದರಲ್ಲಿ ಯಾರೂ ನಡೆಯುವುದಿಲ್ಲ, ಆದ್ದರಿಂದ ದೋಷವಿಲ್ಲ ಎಂದು ಭಾವ. ನಡೆಯದಿದ್ದರೇನು, ಕಾಲು ಹಾಕುವುದು ತಾನೇ ಎಂದು ಅತ್ತಿಗೆ. ಬೂಟಿಗೆ ರೇಷ್ಮೆ ವಸ್ತ್ರ ಸುತ್ತಿದರೆ ಹೇಗೆ ಎಂದು ಒಬ್ಬರು. ಹಾಗೆ ಸುತ್ತಿದರೆ ಅದು ಪಾದುಕೆಯಾಗುತ್ತದೆ, ಆಮೇಲೆ ದಿನಾ ಪೂಜೆ ಮಾಡಬೇಕಾದೀತು ಎಂದು ಇನ್ನೊಬ್ಬರು. ಸ್ಕ್ರೂ ಬಿಚ್ಚಿ ಬೂಟು ಬೇರೆ, ಮಣೆ ಬೇರೆ ಇಡೋಣ ಎಂದು ನಾನು ಹೇಳಿದ್ದಕ್ಕೆ, ಹಾಗಾದರೆ ಪ್ರವಾಸಿಗರಿಗೆ ಏನು, ಊಟಕ್ಕೆ ಮಣೆ ಹಾಕುವುದಾ ಎಂದು ಭಾವ ರೇಗಿದರು. ಕೊನೆಗೆ ಅವರೇ, ನೀವು ಇಂಗ್ಲಿಷ್ ಮಾಷ್ಟ್ರು, ನೀವೇ ಆರಿಸಿ ಎಂದು ಹನ್ನೆರಡು ಪುಟದ ಕ್ಯಾಟಲಾಗನ್ನು ನನ್ನ ತೊಡೆಯ ಮೇಲೆ ಹಾಕಿದರು.

ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಆ ಹನ್ನೆರಡು ಪುಟ ನನ್ನ ಅಹಂಕಾರವನ್ನು ಒಂದೇ ಸಂಜೆಯಲ್ಲಿ ಇಳಿಸಿತು. ಅದರಲ್ಲಿ ಕ್ರಿಯಾಪದಗಳೇ ಇರಲಿಲ್ಲ. ಡಿಕ್ಷನರಿ ತೆಗೆದೆ, ಕಾಲುಭಾಗ ತಿಳಿಯಿತು. ಕೊಳವೆಯ ದಪ್ಪ ಎಷ್ಟು ಎಂದು ಅದು ಕೇಳುತ್ತಿತ್ತು. ನಾನು ಬೋಟಿಗೆ ಹೋಗಿ ಕಮಾನಿನ ಸುತ್ತ ನೂಲು ಸುತ್ತಿ, ನೂಲನ್ನು ಶಾಲೆಯ ಸ್ಕೇಲಿನಿಂದ ಅಳೆದು, ಗಣಿತದ ಮಾಸ್ತರರ ಕೈಯಲ್ಲಿ ಭಾಗಾಕಾರ ಮಾಡಿಸಿದೆ. ಅವರು ಅದನ್ನು ಮರುದಿನ ಹತ್ತನೆಯ ತರಗತಿಗೆ ಲೆಕ್ಕವಾಗಿ ಕೊಟ್ಟರಂತೆ; ಇಡೀ ತರಗತಿಯಲ್ಲಿ ಇಬ್ಬರಿಗೆ ಮಾತ್ರ ಉತ್ತರ ಸರಿ ಬಂತು, ಅವರಿಬ್ಬರದ್ದೂ ಮಾಸ್ತರರ ಉತ್ತರಕ್ಕಿಂತ ಬೇರೆಯಿತ್ತು.

ಅಂತೂ ತಿಳಿದದ್ದು ಇಷ್ಟು. ರ‍್ಯಾಕಿನಲ್ಲಿ ಎರಡು ಬಗೆ. ಒಂದು ಕದಲದ್ದು: ಕಮಾನಿನ ಹೊರಬದಿಗೆ ಬಿಗಿದರೆ ಮುಗಿಯಿತು, ಹಲಗೆ ನೀರಿನ ಮೇಲೆ, ಬೂಟು ಹೊರಮುಖ, ಯಾರ ತಲೆಯ ಮೇಲೂ ಇಲ್ಲ. ಇನ್ನೊಂದು ತಿರುಗುವುದು: ಅದೂ ಹೊರಬದಿಯಲ್ಲೇ ಇರುತ್ತದೆ, ಆದರೆ ಒಂದು ಪಿನ್ನು ಎಳೆದರೆ ಎರಡೂ ಕೈಗಳು ಹಲಗೆಯನ್ನು ಹೊತ್ತುಕೊಂಡು ಒಳಕ್ಕೆ ತಿರುಗುತ್ತವೆ, ಬೋಟಿನೊಳಗೆ ನಿಂತವರು ಆರಾಮವಾಗಿ ಇಳಿಸಿಕೊಳ್ಳಬಹುದು. ಗೋವಿಂದಣ್ಣನ ಮಾತಿಗೆ ತಕ್ಕದ್ದು ಮೊದಲನೆಯದು. ಇದರಲ್ಲಿ ಆರಿಸಲು ಏನಿತ್ತು? ಹೈಸ್ಕೂಲು ಹುಡುಗನೂ ಆರಿಸುತ್ತಿದ್ದ.

ಭಾವನಿಗೆ ಫೋನು ಮಾಡಿ ಹೇಳಿದೆ. ಅವರಿಗೆ ತಿರುಗುವುದೇ ಬೇಕಿತ್ತು. ಫೋಟೋದಲ್ಲಿ ಹೊಡೆಯುತ್ತದೆ, ಕದಲದ್ದನ್ನು ನಮ್ಮ ಗ್ಯಾರೇಜಿನವನೂ ಮಾಡಿಕೊಡುತ್ತಾನೆ, ಎಂದರು. ನಾನು ಗೋವಿಂದಣ್ಣನ ಷರತ್ತನ್ನು ನೆನಪಿಸಿದೆ. ಆಗ ಭಾವ ಮಾತು ಬದಲಿಸಿ, ಉದ್ಘಾಟನೆಯ ಕರೆಯೋಲೆ ಪ್ರೆಸ್ಸಿಗೆ ಹೋಗುತ್ತಿದೆ, ಅದರಲ್ಲಿ ನಿಮ್ಮ ಹೆಸರು ಹಾಕಿದ್ದೇನೆ, ತಾಂತ್ರಿಕ ಸಲಹೆಗಾರರು ಅಂತ, ಆಗಬಹುದಲ್ಲ ಎಂದು ಕೇಳಿದರು.

ಆಗಬಹುದು ಎಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಎಷ್ಟು ಮಕ್ಕಳು ಪರೀಕ್ಷೆಯಲ್ಲಿ ಬೆವರುವುದನ್ನು ನಾನು ಮೇಲ್ವಿಚಾರಕನಾಗಿ ನಿಂತು ನೋಡಿದ್ದೇನೆ! ನನಗೆ ಒಂದು ಅಡಿಕೆಯೂ ಬೇಕಾಗಲಿಲ್ಲ. ಕಾರ್ಡಿನಲ್ಲಿ ಒಂದು ಸಾಲು ಸಾಕಾಯಿತು.

ರ‍್ಯಾಕ್ ತರಿಸುವ ಮೊದಲು ಗೋವಿಂದಣ್ಣ ಬಂದರು. ನಾನು ಆರಿಸಿದ್ದು ಯಾವುದು ಎಂದು ನೋಡಬೇಕಿತ್ತು ಅವರಿಗೆ. ತಿರುಗುವುದರ ಚಿತ್ರ ತೋರಿಸಿದೆ. ಚಿತ್ರದಲ್ಲಿ ಹಲಗೆ ಹೊರಗೇ ಇತ್ತು. ಕೆಳಗೆ ಬರೆದದ್ದನ್ನು ಓದಿ ಹೇಳಿ ಎಂದು ಯಾವತ್ತಿನಂತೆ ಕಣ್ಣು ಮುಚ್ಚಿ ಕುಳಿತರು. ನಾನು ಓದಿದೆ. ಅಲ್ಯೂಮಿನಿಯಂ, ಉಪ್ಪುನೀರಿಗೆ ತುಕ್ಕು ಹಿಡಿಯುವುದಿಲ್ಲ. ಒಳಗೆ ರಬ್ಬರು, ಹಲಗೆಗೆ ಗೀರು ಬೀಳುವುದಿಲ್ಲ. ನಾಲ್ಕು ಬೋಲ್ಟು. ಬೂಟು ಹೊರಮುಖವಾಗಿ ಇಡಬೇಕು. ಅದರ ಮುಂದಿನ ಒಂದು ವಾಕ್ಯ ಪಿನ್ನಿನದ್ದು. ನನ್ನ ಕಣ್ಣು ಆ ವಾಕ್ಯದ ಮೇಲೆ ನಿಂತಿತು, ನಾಲಿಗೆ ಅದನ್ನು ದಾಟಿ ಹೋಯಿತು. ಕೊನೆಯ ಸಾಲು ಓದಿದೆ: ಎರಡು ವರ್ಷ ಗ್ಯಾರಂಟಿ.

“ಮೆಟ್ಟ್ ಹೊರ್ಗೇ ಇರತ್ತ್ ಅಲ್ದಾ?” ಎಂದರು.

“ಹೊರಗೇ ಇರತ್ತೆ,” ಎಂದೆ.

ಹಾಗಾದರೆ ಸಾಕು ಎಂದು ಚಹಾ ಕುಡಿದು ಹೋದರು. ಪಿನ್ನು ಎಳೆಯದಿದ್ದರೆ ಅದು ಹೊರಗೇ ಇರುತ್ತದೆ, ಎಳೆಯದ ಹಾಗೆ ನೋಡಿಕೊಂಡರಾಯಿತು, ನಾನು ಹೇಳಿದ್ದು ಸುಳ್ಳೇನಲ್ಲ ಎಂದು ಆ ವಾರವಿಡೀ ನನಗೆ ನಾನೇ ಪಾಠ ಮಾಡಿಕೊಂಡೆ. ಎಷ್ಟು ಒಳ್ಳೆಯ ಪಾಠ ಮಾಡಿದೆನೆಂದರೆ ನನಗೇ ನಂಬಿಕೆ ಬಂತು.

ಉದ್ಘಾಟನೆಗೆ ನಾಯಕರೊಬ್ಬರು ಬಂದರು, ಅವರ ಹಿಂದೆ ಆರು ಮಂದಿ ಹಿಂಬಾಲಕರು, ಒಬ್ಬ ಅಧಿಕಾರಿ, ಇಬ್ಬರು ಫೋಟೋದವರು. ಬೆಳಗಿನ ಹತ್ತು ಗಂಟೆ, ನೀರು ಇಳಿಯಲು ತೊಡಗಿದ ಹೊತ್ತು. ಗೋವಿಂದಣ್ಣ ಅದೇ ಬಿಳಿ ಅಂಗಿಯಲ್ಲಿ ಬೋಟಿನ ಮೂತಿಗೆ ಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಬಂದವರಿಗೆಲ್ಲ ಮೆಟ್ಟು ದಡದಲ್ಲಿ ಬಿಟ್ಟು ಹತ್ತಿ ಎಂದರು. ನಾಯಕರ ಬೂಟು ಕಳಚಲು ಇಬ್ಬರು ಬಗ್ಗಿದರು. ದಡದಲ್ಲಿ ಹನ್ನೆರಡು ಜೊತೆ ಪಾದರಕ್ಷೆಗಳು ಸಾಲಾಗಿ ನಿಂತವು. ಬೋಟಿನಲ್ಲಿ ಉಳಿದ ಮೆಟ್ಟು ಒಂದೇ ಜೊತೆ, ಕಮಾನಿನ ಮೇಲೆ, ಚೆಂಡುಹೂವಿನ ಮಾಲೆ ಹಾಕಿಸಿಕೊಂಡು. ಹೊರಮುಖವಾಗಿ. ನಾನು ತಾಂತ್ರಿಕ ಸಲಹೆಗಾರ, ಕಾರ್ಡನ್ನು ಕಿಸೆಯಿಂದ ಅರ್ಧ ಕಾಣುವಂತೆ ಇಟ್ಟುಕೊಂಡು ನಾಯಕರ ಪಕ್ಕ ಕುಳಿತಿದ್ದೆ.

ಬೋಟು ದಡ ಬಿಟ್ಟು ಹತ್ತು ಮಾರು ಹೋಗಿರಲಿಲ್ಲ, ಫೋಟೋದವರು ಏನಾದರೂ ಆ್ಯಕ್ಷನ್ ಬೇಕು ಎಂದರು. ಭಾವ ಎದ್ದು ನಿಂತರು. ನಾನು ಅವರ ಅಂಗಿಯ ಚುಂಗು ಹಿಡಿದೆ. ಇದಂತೂ ಸತ್ಯ, ಹಿಡಿದೆ. ಆದರೆ ಬಾಯಿ ತೆರೆಯಲಿಲ್ಲ. ನಾಯಕರು ನನ್ನ ಕಡೆ ನೋಡುತ್ತಿದ್ದರು. ಭಾವ ಪಿನ್ನು ಎಳೆದು, ನೋಡಿ, ಇದು ನಮ್ಮ ಜಿಲ್ಲೆಯಲ್ಲೇ ಮೊದಲು ಎಂದು ಹಲಗೆಯನ್ನು ತಳ್ಳಿದರು. ರ‍್ಯಾಕ್ ಒಂಚೂರೂ ಸದ್ದು ಮಾಡದೆ ಒಳಕ್ಕೆ ತಿರುಗಿತು. ಬಹಳ ಒಳ್ಳೆಯ ರ‍್ಯಾಕ್ ಅದು. ಎರಡು ಬೂಟುಗಳು ಗೋವಿಂದಣ್ಣನ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಬಂದು ನಿಂತವು. ಬೆಳಿಗ್ಗೆ ಬೋರ್ಡನ್ನು ಶಾಸ್ತ್ರಕ್ಕೆಂದು ಹೊಳೆಯಲ್ಲಿ ಅದ್ದಿದ್ದರು. ಬೂಟಿನೊಳಗೆ ನಿಂತಿದ್ದ ನೀರು ತೊಟ್ಟಿಕ್ಕಿ ಅವರ ನೆತ್ತಿಯ ಮೇಲೆ ಬಿತ್ತು, ಅಲ್ಲಿಂದ ಹಣೆಗೆ ಇಳಿಯಿತು.

ಹಿಂಬಾಲಕರೆಲ್ಲ ಚಪ್ಪಾಳೆ ಹೊಡೆದರು.

ಗೋವಿಂದಣ್ಣ ಮೇಲೆ ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ. ಹಿಂತಿರುಗಿ ನನ್ನನ್ನು ನೋಡಿದರು. ಆಮೇಲೆ ಎಂಜಿನ್ ಬಂದ್ ಮಾಡಿ, ಚಕ್ರವನ್ನು ಮುಟ್ಟಿ ನಮಸ್ಕರಿಸಿ, ಬೋಟಿನ ಬದಿಯಿಂದ ಸೊಂಟದವರೆಗಿನ ನೀರಿಗೆ ಇಳಿದು, ಆ ಇಸ್ತ್ರಿಯ ಅಂಗಿಯಲ್ಲೇ ದಡಕ್ಕೆ ನಡೆದರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಇದೂ ಕಾರ್ಯಕ್ರಮದ ಭಾಗವಿರಬೇಕು ಎಂದುಕೊಂಡು ಅಧಿಕಾರಿ ಎರಡು ಹೆಚ್ಚು ಹೊಡೆದರು. ನಾನು ಅಲ್ಲಾಡದೆ ಕುಳಿತಿದ್ದೆ. ಹಿಂದೆಯೇ ಇಳಿದು ಓಡಬೇಕಿತ್ತು ಎಂದು ನಿಮಗೆ ಅನಿಸುತ್ತದೆ. ನನಗೂ ಅನಿಸಿತು, ಆದರೆ ಪ್ಯಾಂಟು ಹೊಸದು.

ಮುಂದಿನದ್ದನ್ನು ಹೇಳಿದರೆ ನಾಯಕರ ಕಡೆಯವರಿಗೆ ಬೇಜಾರಾದೀತು, ಆದರೂ ಹೇಳುತ್ತೇನೆ. ಭಾವ ತಾವೇ ಚುಕ್ಕಾಣಿ ಹಿಡಿದರು. ಮುಂಬಯಿಯ ರಸ್ತೆಗಳಲ್ಲಿ ಮೂವತ್ತು ವರ್ಷ ಕಾರು ಓಡಿಸಿದವನಿಗೆ ಇದು ಯಾವ ಲೆಕ್ಕ ಎಂದರು. ಹೊಳೆಯ ಅಡಿಯ ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ಅದು ಎಲ್ಲಿದೆ ಎಂದು ಗೊತ್ತಿದ್ದ ಮನುಷ್ಯ ಆ ಹೊತ್ತಿಗೆ ಒದ್ದೆ ಬಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಐದು ನಿಮಿಷದಲ್ಲಿ ಬೋಟು ಹೊಳೆಯ ನಡುವಿನ ಮರಳ ದಿಬ್ಬವನ್ನು ಏರಿ ಕುಳಿತಿತು. ನೀರು ಇಳಿಯುತ್ತಲೇ ಹೋಯಿತು. ಅರ್ಧ ಗಂಟೆಯಲ್ಲಿ ನಾವು ಒಂದು ದ್ವೀಪದ ನಿವಾಸಿಗಳಾದೆವು. ನಾಯಕರು ಬಿಸಿಲಿಗೆ ಬೆವರುತ್ತ, ಈ ಕರಾವಳಿಯನ್ನು ಎರಡನೆಯ ಗೋವಾ ಮಾಡುತ್ತೇವೆ ಎಂಬ ಭಾಷಣವನ್ನು, ತಯಾರು ಮಾಡಿ ತಂದದ್ದು ಹಾಳಾಗಬಾರದೆಂದು, ನಮಗೂ ಅಲ್ಲಿ ಮೀನು ಹೆಕ್ಕುತ್ತಿದ್ದ ನಾಲ್ಕು ಬೆಳ್ಳಕ್ಕಿಗಳಿಗೂ ಮಾಡಿದರು. ಬೆಳ್ಳಕ್ಕಿಗಳು ಅರ್ಧದಲ್ಲಿ ಹಾರಿಹೋದವು. ನಮಗೆ ಆ ಅನುಕೂಲವಿರಲಿಲ್ಲ. ಸಂಜೆ ಮರಳಿ ನೀರು ಏರುವ ಮೊದಲೇ ಸಣ್ಣ ದೋಣಿಯವರು ಬಂದು ಇಬ್ಬಿಬ್ಬರನ್ನಾಗಿ ದಡ ಸೇರಿಸಿದರು. ಅವರಲ್ಲಿ ಒಬ್ಬನನ್ನೂ ನಾವು ಕರೆದಿರಲಿಲ್ಲ. ದಡದಲ್ಲಿ ಬಸ್ಸಿಗೆ ನಿಂತಿದ್ದ ಗೋವಿಂದಣ್ಣನೇ ಹೇಳಿ ಕಳಿಸಿದ್ದರಂತೆ.

ಭಾವನ ಬೋಟು ಆಮೇಲೆ ನಾಲ್ಕಾರು ಸಲ ಓಡಿತು, ಹೆಚ್ಚಾಗಿ ನೆಂಟರನ್ನು ಹೊತ್ತು. ಚುಕ್ಕಾಣಿಗೆ ಬೇರೆ ತಾಂಡೇಲರನ್ನು ಹುಡುಕಿದರೆ ಒಬ್ಬರೂ ಸಿಗಲಿಲ್ಲ. ಎಲ್ಲರಿಗೂ ಅಂದೇ ಏನೋ ಮದುವೆ, ಏನೋ ಜ್ವರ. ಮಳೆಗಾಲ ಬಂದಾಗ ಬೋಟಿಗೆ ನೀಲಿ ತಾಡಪಾಲು ಹೊದಿಸಿದರು, ಮುಂದಿನ ವರ್ಷ ಗೋವಾದವರೇ ಬಂದು ಒಯ್ದರು. ಅವರಿಗೆ ರ‍್ಯಾಕ್ ಬೇಡವಾಗಿತ್ತು. ಸಲಹೆ ಕೊಟ್ಟವರೇ ಇಟ್ಟುಕೊಳ್ಳಲಿ ಎಂದು ಭಾವ ಅದನ್ನು ನನ್ನ ಮನೆಗೆ ಕಳಿಸಿದರು. ಭಾವನಿಗೆ ಆ ದಿನ ಏನಾಯಿತೆಂದು ಇಂದಿಗೂ ಅರ್ಥವಾಗಿಲ್ಲ. ಮುದುಕನಿಗೆ ಮರ್ಲು, ಎರಡು ಹನಿ ನೀರಿಗೆ ಇಷ್ಟು ದೊಡ್ಡ ರಾದ್ಧಾಂತ ಎನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಒಂದು ಸಾಲು ದಾಟಿ ಓದಿದ್ದು ಅವರಿಗೆ ಗೊತ್ತಿರಲಿಲ್ಲ.

ನಾನು ಗೋವಿಂದಣ್ಣನ ಮನೆಗೆ ಹೋಗಲು ಇಪ್ಪತ್ತು ದಿನ ತೆಗೆದುಕೊಂಡೆ. ಒಂದು ವಾರ ಪರೀಕ್ಷೆಯ ಕೆಲಸ, ಒಂದು ವಾರ ಕಾಲುನೋವು, ಉಳಿದ ದಿನಗಳು ಹೆದರಿಕೆ. ದಕ್ಕೆಯ ಕಟ್ಟೆಯ ಹತ್ತಿರ ಹೋಗುವ ಧೈರ್ಯವಾಗದೆ, ಸಾಯಂಕಾಲ ಮನೆಯ ಕಡೆಗೇ ಹೋದೆ. ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದರು. ಯಾರದ್ದೋ ಬಲೆ. ಬನ್ನಿ, ಕೂಕಣಿ ಎಂದು ಚಾಪೆ ತೋರಿಸಿದರು. ಸೊಸೆ ಚಹಾ ತಂದಿಟ್ಟಳು. ನಾನು ಭಾವನ ಮೇಲೆ ಹೊರಿಸುವ ಹಾಗೆ ಒಂದು ಮಾತು ಕಟ್ಟಿಕೊಂಡು ಹೋಗಿದ್ದೆ: ಅವರು ಹಾಗೆ ಮಾಡುತ್ತಾರೆಂದು ನನಗೆ ಅಂದಾಜೇ ಇರಲಿಲ್ಲ, ಎಂದು. ಅದನ್ನು ಶುರು ಮಾಡಿದೆ. ಅವರು ಬಲೆಯ ಕಣ್ಣಿನಿಂದ ತಲೆಯೆತ್ತದೆ ಅರ್ಧಕ್ಕೆ ತಡೆದರು.

“ಅದ್ ಒಳ್ಗೆ ತಿರ್ಗತ್ತ್ ಅಂದೇಳಿ ಆ ಕಾಗದದಂಗೆ ಬರ್ದಿತ್ತಾ ಮಾಷ್ಟ್ರೇ?”

ಇಲ್ಲ ಎನ್ನಬಹುದಿತ್ತು. ಅವರು ನಂಬುತ್ತಿದ್ದರು, ಅದಕ್ಕೇ ಹಾಗೆ ಹೇಳಲು ಆಗಲಿಲ್ಲ.

“ಬರೆದಿತ್ತು,” ಎಂದೆ. “ಆ ಸಾಲು ಬಿಟ್ಟು ಓದಿದೆ.”

ಅವರು ಹೂಂ ಎಂದರು. ಸಿಟ್ಟಾಗುತ್ತಾರೆಂದು ಕಾದೆ. ಆಗಲಿಲ್ಲ. ನಾಲ್ಕೈದು ಗಂಟು ಹಾಕಿದರು, ನೂಲು ಕಡಿದರು, ಚಹಾ ತಣಿಯುತ್ತದೆ, ಕುಡಿಯಿರಿ ಎಂದರು. ಕುಡಿದೆ. ಕ್ಷಮೆ ಕೇಳಬೇಕೆಂದು ಬಂದವನಿಗೆ ಆ ಶಬ್ದ ಕನ್ನಡದಲ್ಲೂ ಹೊರಡಲಿಲ್ಲ, ಇಂಗ್ಲಿಷಿನಲ್ಲೂ ಹೊರಡಲಿಲ್ಲ. ಆಮೇಲೆ ಅವರೇ, ಯಾವುದೋ ಬೇರೆ ವಿಷಯ ಮಾತಾಡುವಂತೆ, ಕೇಳಿದರು.

“ಈ ಪ್ರಾಯದಂಗೆ ಇಂಗ್ಲಿಷ್ ಓದೂಕೆ ಕಲೂಕಾತ್ತಾ?”

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಗದೆ ಏನು, ಖಂಡಿತ ಆಗುತ್ತದೆ, ನಿಮ್ಮ ಜ್ಞಾಪಕಶಕ್ತಿಗೆ ಆರು ತಿಂಗಳು ಸಾಕು, ಬರುವ ಭಾನುವಾರದಿಂದಲೇ ಶುರು ಮಾಡುವ, ನಾನೇ ಇಲ್ಲಿಗೆ ಬರುತ್ತೇನೆ, ನೀವು ನಡೆಯುವುದು ಬೇಡ, ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ನನ್ನ ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕಾದರು.

“ನೀವ್ ಬ್ಯಾಡ ಮಾಷ್ಟ್ರೇ,” ಎಂದರು. “ಬೇರೆ ಯಾರಾರೂ ಇದ್ರೆ ಹೇಳಿ.”

ನಮ್ಮ ಶಾಲೆಗೆ ಆ ವರ್ಷ ಹೊಸದಾಗಿ ಬಂದಿದ್ದ ಟೀಚರ್ ಒಬ್ಬರ ಹೆಸರು ಹೇಳಿ, ಅವರ ಮನೆ ಎಲ್ಲಿ ಎಂದು ದಾರಿ ತಿಳಿಸಿ, ಎದ್ದು ಬಂದೆ.